ಅವ್ವನ ಚಂಚಿಯ ರಾಣಿ ರೂಪಾಯಿ

ಕಪ್ಪಗಿರುವುದೆಲ್ಲ ಕೊಳೆ, ಕೊಳೆಯೆಲ್ಲ ಹುಣಸೆಹಣ್ಣಿನ ಪಾಲು. ಇದು ನನ್ನ ಧರ್ಮಪತ್ನಿ ದ್ರೌಪದಿಯ ಸಿದ್ಧಾಂತ. ತಾಮ್ರದ ಕೊಡ, ಹಿತ್ತಾಳೆಯ ದೀಪ, ಬೆಳ್ಳಿಯ ಕುಂಕುಮದ ಭರಣಿ, ಯಾವುದನ್ನೂ ಆಕೆ ತಿಕ್ಕದೆ ಬಿಟ್ಟವಳಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಮುಖವನ್ನೂ ಒಂದು ನಮೂನಿ ನೋಡುತ್ತಿದ್ದಳು. (ನಾನು ಕಬ್ಬಿನ ಗದ್ದೆಯ ಬಣ್ಣದವನಲ್ಲ, ಒಣಸೋಗೆಯ ರವದಿ ಸುಟ್ಟ ಮೇಲಿನ ಗದ್ದೆಯ ಬಣ್ಣದವನು.)

ಇಂಥವಳ ಕೈಯಿಂದ ಒಂದು ಐತಿಹಾಸಿಕ ವಸ್ತುವನ್ನು ಕಾಪಾಡುವ ಹೊಣೆ ನನ್ನ ತಲೆಯ ಮೇಲೆ ಬಿತ್ತು. ಅದು ನಮ್ಮವ್ವ ದುಂಡವ್ವ ಬಿಟ್ಟುಹೋದ ರಾಣಿ ಛಾಪದ ಬೆಳ್ಳಿ ರೂಪಾಯಿ. ಪ್ರತಿ ದೀಪಾವಳಿಗೆ ಅವ್ವ ಅದನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಹಾಲಿನಲ್ಲಿ ತೊಳೆದು, ಗೋದಿಯ ರಾಶಿಯ ಮೇಲಿಟ್ಟು ಲಕ್ಷ್ಮೀಪೂಜೆ ಮಾಡುತ್ತಿದ್ದಳು. ದ್ರೌಪದಿ ಮನೆಗೆ ಬಂದ ಮೇಲೆ ಆ ಕೆಲಸ ಆಕೆಯದಾಯಿತು.

ಎರಡು ಸಾವಿರದ ಹದಿನಾಲ್ಕರಲ್ಲಿ ನಾನೊಂದು ಹೊಸ ಮೊಬೈಲು ಕೊಂಡೆ. ಅದರಲ್ಲಿ ಓದಿದ ಮೇಲೆ ತಿಳಿಯಿತು, ಹಳೆಯ ನಾಣ್ಯವನ್ನು ತಿಕ್ಕುವುದು ಮಹಾಪಾಪ. ಕಾಲಾಂತರದಲ್ಲಿ ಬೆಳ್ಳಿಯ ಮೇಲೆ ಕೂಡುವ ಕಪ್ಪು ಛಾಯೆಯೇ ಅದರ ಮಾನ, ಮರ್ಯಾದೆ, ಸರ್ವಸ್ವ. ಮುಂಬೈಯಲ್ಲಿ ಅದನ್ನು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿಕೊಡುತ್ತಾರಂತೆ. ಮ್ಯಾಟ್ರಿಕ್ಕಿನ ಗಣಿತದಲ್ಲಿ ನನಗೆ ದಕ್ಕದ ಅಂಕ ನಮ್ಮವ್ವನ ರೂಪಾಯಿಗಾದರೂ ದಕ್ಕಲಿ ಎಂದು ನಿಶ್ಚಯಿಸಿದೆ.

"ಡಬ್ಬಿ ಮುಚ್ಚಿದ ಮ್ಯಾಲ ತಗಿಯಾಕ ಬರತೈತೇನ್ರಿ?" ಎಂದಳು ದ್ರೌಪದಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

"ತಗದ್ರ ಅಂಕ ಹೋದಂಗ. ಇನ್ನ ಅದರಾಗ ಇರಬೇಕು, ಕಾಯಂ."

"ಹಂಗಾದ್ರ ದೀಪಾವಳ್ಯಾಗ ನಾ ಪ್ಲಾಸ್ಟಿಕ್ಕಿಗಿ ಕುಂಕಮಾ ಹಚ್ಚಲೇನು?"

"ಹಚ್ಚು. ಒರಿಸಾಕ ಸಸಾರ ಆಕ್ಕೈತಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. "ಅತ್ತಿ ಅದನ್ನ ನಿಮ್ಮ ಕೈಯಾಗ ಕೊಟ್ಟಿಲ್ಲ, ನನ್ನ ಕೈಯಾಗ ಕೊಟ್ಟಾರ. ನನ್ನ ಮೊದಲನೇ ದೀಪಾವಳಿಗಿ. 'ಇನ್ನ ಮ್ಯಾಲ ಇದನ್ನ ನೀ ತೊಳೀಬೇಕವ್ವಾ' ಅಂದಾರ. ಅದನ್ನ ಯಾವನೋ ಮುಂಬೈದಾಂವ ಮುಚ್ಚಿ ಇಡತಾನಂತ, ನಾ ಹೊರಗಿಂದ ನೋಡಕೋತ ಕುಂಡರಬೇಕಂತ."

ನನಗೂ ಕರುಳು ಚುರ್ ಎಂದಿತು. ಆದರೆ ವಿಜ್ಞಾನದ ಮುಂದೆ ಕರುಳಿನ ಮಾತು ಕೇಳಬಾರದು. ಬೆಳಗಾಗುವುದರೊಳಗೆ ರೂಪಾಯಿಯನ್ನು ಆಕೆಯ ಪೂಜೆಯ ಡಬ್ಬಿಯಿಂದ ಎತ್ತಿ ಅವ್ವನ ಚಂಚಿಗೆ ಹಾಕಿದೆ. ಎಲೆ, ಅಡಿಕೆ, ಸುಣ್ಣಕ್ಕೆಲ್ಲ ಬೇರೆ ಬೇರೆ ಕಿಸೆಗಳಿರುವ ಬಟ್ಟೆಯ ಚೀಲ ಅದು. ಅವ್ವ ಜೀವಮಾನವಿಡೀ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ದಳು. ಅವ್ವನ ವಸ್ತು ಅವ್ವನ ವಾತಾವರಣದಲ್ಲಿಯೇ ಇರಬೇಕೆಂಬುದು ನನ್ನ ಸ್ವಂತ ಸಂಶೋಧನೆ. ಚಂಚಿಯನ್ನು ತಿಜೋರಿಯಲ್ಲಿಟ್ಟು ರಾಜಾಜ್ಞೆ ಹೊರಡಿಸಿದೆ: ಇದನ್ನು ಈ ಮನೆಯಲ್ಲಿ ನನ್ನ ಹೊರತು ಯಾರೂ ಮುಟ್ಟಕೂಡದು.

ಇಲ್ಲಿ ನನ್ನ ವೃತ್ತಿಯ ವಿಷಯ ಹೇಳಬೇಕು. ನಾನು ಆರೋಗ್ಯ ಸಹಾಯಕ. ಕರೋಶಿಯಲ್ಲಿ ಮನೆ, ಸುತ್ತಲಿನ ಹಳ್ಳಿಗಳಲ್ಲಿ ಭಾಷಣ. ಮುಖ್ಯ ವಿಷಯ ತಂಬಾಕು. ಅದರಲ್ಲೂ ಮಿಶ್ರಿ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ನಮ್ಮ ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುತ್ತಾರಲ್ಲ, ಅದು. ಪ್ರತಿ ಭಾಷಣದ ಕೊನೆಗೆ ನಾನು ಬೆರಳೆತ್ತಿ ಕೇಳುತ್ತಿದ್ದೆ: "ನನ್ನ ಹೇಣ್ತಿ ಮಿಶ್ರಿ ಬಿಟ್ಟಾಳ. ಇನ್ನ ನೀವು ಯಾವಾಗ ಬಿಡವ್ರು?" ಎಲ್ಲರೂ ತಲೆ ತಗ್ಗಿಸುತ್ತಿದ್ದರು. ನಾನು ಎದೆ ಉಬ್ಬಿಸಿಕೊಂಡು ಮನೆಗೆ ಬರುತ್ತಿದ್ದೆ.

ಮಳೆಗಾಲ ಮುಗಿಯುವಷ್ಟರಲ್ಲಿ ರೂಪಾಯಿಗೆ ಅದ್ಭುತ ಕಳೆ ಬಂತು. ಬೂದುಬಣ್ಣವಿದ್ದ ರಾಣಿಯ ಕೆನ್ನೆ ಕಂದಾಯಿತು, ಆಮೇಲೆ ಕಪ್ಪಾಯಿತು. ನಾನು ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ಅದನ್ನು ನೋಡುವುದು, ನೋಡಿ ಚಂಚಿಯಲ್ಲಿಟ್ಟು, ಚಂಚಿಯನ್ನು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರು ಎಳೆಯುವುದು. ಆಹಾ! ಅವ್ವನ ವಾಸನೆ! ತಲೆ ಒಮ್ಮೆ ಗಿರ್ರೆಂದು ತಿರುಗಿ, ಕಣ್ಣಲ್ಲಿ ನೀರಾಡಿ, ಮೈಯೆಲ್ಲ ಹುರುಪು ತುಂಬುತ್ತಿತ್ತು. ಇತಿಹಾಸಕ್ಕೆ ಇಷ್ಟು ಶಕ್ತಿ ಇರುವುದು ನನಗೆ ಗೊತ್ತೇ ಇರಲಿಲ್ಲ.

"ಅಯ್ಯ, ಹಂಗ ಮೂಗಿಗಿ ಹಿಡೀಬ್ಯಾಡ್ರಿ!" ಎಂದು ದ್ರೌಪದಿ ಗಾಬರಿಯಿಂದ ಓಡಿ ಬರುತ್ತಿದ್ದಳು. ತಾಯಿ-ಮಗನ ಪ್ರೀತಿ ಕಂಡರೆ ಸೊಸೆಗೆ ಹೊಟ್ಟೆಕಿಚ್ಚು ಎಂದು ನಾನು ಕ್ಷಮಿಸುತ್ತಿದ್ದೆ.

ದೀಪಾವಳಿ ಹತ್ತಿರ ಬಂತು. ಆಕೆ ಹುಣಸೆಹಣ್ಣು ನೆನೆಹಾಕಿದಳು. ನಾನು ತಿಜೋರಿಗೆ ಅಡ್ಡ ನಿಂತೆ.

"ಅದು ಬರೇ ಹೊಲಸ ಐತ್ರಿ. ತೊಳದ್ರ ಹೋಗತೈತಿ."

"ಹೊಲಸ? ನಡಿ ನಿಪ್ಪಾಣಿಗಿ. ಬಾಳಾಸಾಬ ಅಂತ ಹಳೇ ನಾಣ್ಯದ ವ್ಯಾಪಾರಿ ಅದಾನ, ಮುಂಬೈಗಿ ಅಂವನ ಕಳಸತಾನ. ಅಂವ ಹೊಲಸ ಅಂದ್ರ ಈ ಸಲ ಮನ್ಯಾಗಿನ ಭಾಂಡೆ ಎಲ್ಲಾ ನಾ ತಿಕ್ಕತೀನಿ. ಅಲ್ಲಂದ್ರ ರೂಪಾಯಿ ಮುಂಬೈಗಿ. ಮತ್ತ ಅಳಂಗಿಲ್ಲ."

ಆಕೆ ಹುಣಸೆಹಣ್ಣಿನ ಬಟ್ಟಲು ಮುಚ್ಚಿಟ್ಟು ಹೊರಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ, "ಚಂಚಿ ನಾ ಹಿಡಕೋತೀನಿ ಕೊಡ್ರಿ" ಎಂದು ಪೀಡಿಸಿದಳು. ನಾನು ಕೊಡಲಿಲ್ಲ.

ಬಾಳಾಸಾಬ ಗತ್ತಿನ ಮನುಷ್ಯ. ರೂಪಾಯಿಯನ್ನು ಅಂಚಿನಲ್ಲಿ ಹಿಡಿದು, ಕನ್ನಡಕ ಏರಿಸಿ, ಇಳಿಸಿ, "ಬಾಪರೇ! ಅಸಾ ರಂಗ ಮೀ ಕಧೀ ಪಾಹಿಲಾ ನಾಹೀ" ಎಂದ. ಇಂಥ ಬಣ್ಣ ಕಂಡೇ ಇಲ್ಲವಂತೆ! ನಾನು ದ್ರೌಪದಿಯ ಕಡೆ ವಿಜಯದ ನೋಟ ಬೀರಿದೆ. ಆಕೆ ಬೀದಿಯ ಕಡೆ ನೋಡುತ್ತಿದ್ದಳು.

ಬಾಳಾಸಾಬ ಅರಳೆಯ ತುದಿಯನ್ನು ಒಂದು ಬಾಟಲಿಯ ನೀರಿನಂಥ ದ್ರವದಲ್ಲಿ ಅದ್ದಿ ರಾಣಿಯ ಕೆನ್ನೆಗೆ ಹಗುರವಾಗಿ ಮುಟ್ಟಿಸಿದ. ಅರಳೆ ಕಾಡಿಗೆಯಂತಾಯಿತು. ಅದನ್ನು ಮೂಗಿನ ಹತ್ತಿರ ಒಯ್ದ. ಒಂದು ಸೀನು, ಎರಡು ಸೀನು. ಕನ್ನಡಕ ಕೆಳಗೆ ಬಿತ್ತು.

"ಇದು ಮಿಶ್ರಿ ಐತ್ರಿ!"

"ಸಾಧ್ಯ ಇಲ್ಲ. ನಮ್ಮವ್ವ ಎಲಿ-ಅಡಿಕಿ ಬಿಟ್ರ ಮತ್ತೇನೂ ತಿಂತಿದ್ದಿಲ್ಲ. ಹೋಗಿ ಎಂಟ ವರ್ಷ ಆತು."

"ತಂಬಾಕದ ಪ್ಯಾಟಿ ನಿಪ್ಪಾಣ್ಯಾಗ ಹುಟ್ಟಿದಾಂವ್ಗ ಅದನ್ನ ಕಲಿಸ್ತೀರೇನ್ರಿ? ಕಡಕ್ ಮಾಲ್ ಐತಿ. ತಾಜಾ ಐತಿ." ಎಂದವನೇ ಚಂಚಿಯನ್ನು ಬೋರಲು ಹಾಕಿ ಕೊಡವಿದ. ಒಳಕಿಸೆಯಿಂದ ಪೇಪರಿನ ಪುಟ್ಟ ಪೊಟ್ಟಣವೊಂದು ಉರುಳಿಬಿತ್ತು. ಕಿಸೆಯ ಹೊಲಿಗೆ ಬಿಚ್ಚಿ, ಕರಿಪುಡಿ ರೂಪಾಯಿಯ ಕಿಸೆಗೆ ಸೋರಿತ್ತು.

ನಾನು ದ್ರೌಪದಿಯನ್ನು ನೋಡಿದೆ.

"ಮತ್ತ ಎಲ್ಲಿ ಇಡಲ್ರಿ?" ಎಂದಳು ತಣ್ಣಗೆ. "ಮನ್ಯಾಗಿನ ಮೂಲಿ ಮೂಲಿ ತಪಾಸ ಮಾಡತಿದ್ರಿ. ಯಾರೂ ಮುಟ್ಟಬಾರದು ಅಂತ ನೀವ ಒಂದ ಜಾಗಾ ಮಾಡಿ ಕೊಟ್ರಿ. ನೀವರ ಆ ಒಂದ ಕಿಸೆ ಬಿಟ್ಟು ಮತ್ತೊಂದಕ್ಕ ಕೈ ಹಾಕವ್ರಲ್ಲ."

"ಮುಂಬೈಗಿ ಕಳಸೂದು?" ಎಂದೆ ಬಾಳಾಸಾಬನಿಗೆ, ಸೋತ ದನಿಯಲ್ಲಿ.

"ಏನ್ ಕಳಸ್ತೀರಿ? ವರ್ಷಾ ತಿಕ್ಕಿ ತಿಕ್ಕಿ ರಾಣಿ ಮೂಗ ಸವದೈತಿ. ಅಂಕ ಸಿಗಂಗಿಲ್ಲ. ಮನ್ಯಾಗ ಇಟ್ಟು ಪೂಜಿ ಮಾಡ್ರಿ."

ಆ ಮಾತು ಕೇಳಿ ದ್ರೌಪದಿ ರೂಪಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡಳು. ಬೈಯಬೇಕೆಂದಿದ್ದವನು ಚಂಚಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡೆ.

ದೀಪಾವಳಿಗೆ ನಾನು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಮನೆಯ ಪಾತ್ರೆ-ಭಾಂಡೆಯೆಲ್ಲ ತಿಕ್ಕಿದೆ. ರೂಪಾಯಿಯನ್ನು ಮಾತ್ರ ಆಕೆ ನನಗೆ ಮುಟ್ಟಗೊಡಲಿಲ್ಲ. ತಾನೇ ತೊಳೆದು ಗೋದಿಯ ಮೇಲಿಟ್ಟಾಗ ಮೂಗಿಲ್ಲದ ರಾಣಿ ಫಳಫಳ ಹೊಳೆಯುತ್ತಿದ್ದಳು. ಅದೇ ಸಂಜೆ ದ್ರೌಪದಿ ಪೊಟ್ಟಣವನ್ನು ಒಲೆಗೆ ಎಸೆದು, ಚಂಚಿಯನ್ನು ಬಿಸಿನೀರಲ್ಲಿ ಒಗೆದು ಹಗ್ಗದ ಮೇಲೆ ಹಾಕಿದಳು. "ಅತ್ತಿ ರೂಪಾಯಿಗಿ ಹೊಲಸ ಹಚ್ಚಿದ್ನಿ. ಇನ್ನ ಖರೇನ ಬಿಟ್ಟೆ" ಎಂದಳು.

ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಮರುದಿನದಿಂದ ನನಗೆ ತಲೆನೋವು. ಚಹಾ ರುಚಿಸದು. ಕೂತರೆ ಸಿಟ್ಟು, ನಿಂತರೆ ಆಕಳಿಕೆ. ಬೆಳಿಗ್ಗೆ ಡ್ಯೂಟಿಗೆ ಹೊರಟವನು ಅದೇಕೋ ಹಿತ್ತಲಿಗೆ ಹೋದೆ. ಹಗ್ಗದ ಮೇಲಿದ್ದ ಚಂಚಿಯ ಒಳಕಿಸೆಯನ್ನು ಹೊರಗೆ ತಿರುವಿ, ಮೂಗು ತೂರಿಸಿ, ಜೋರಾಗಿ ಉಸಿರೆಳೆದೆ. ಬರೀ ಸೋಪಿನ ವಾಸನೆ. ಮೂಲೆಯ ಹೊಲಿಗೆಯಲ್ಲಾದರೂ ಚೂರು ಉಳಿದಿರಬಹುದೆಂದು ಉಗುರಿನಿಂದ ಕೆರೆಯತೊಡಗಿದೆ.

"ಏನ್ ಹುಡಕಾಕತ್ತೀರಿ?"

ಹಿಂದೆ ದ್ರೌಪದಿ, ಸೊಂಟದ ಮೇಲೆ ಕೈಯಿಟ್ಟುಕೊಂಡು.

"ಅವ್ವನ... ವಾಸನಿ" ಎಂದೆ.

ಆಕೆ ನನ್ನ ಮೂಗಿನ ತುದಿಯನ್ನು ನೋಡಿದಳು, ಉಗುರನ್ನು ನೋಡಿದಳು. ಆಮೇಲೆ ನಾನು ಊರೂರಲ್ಲಿ ಎತ್ತುವ ಹಾಗೆಯೇ ಬೆರಳೆತ್ತಿದಳು.

"ನಾ ಬಿಟ್ಟೇನ್ರಿ. ಇನ್ನ ನೀವು ಯಾವಾಗ ಬಿಡವ್ರು?"