ಎದುರಿಗೆ ಕೂರಲು ಒಬ್ಬರು ಬೇಕು

ಆವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಖಾಲಿ ಕುರ್ಚಿ. ಅದನ್ನು ಟೈಲರ್ ಅಂಗಡಿಯಲ್ಲಿ, ಹೊಲಿಗೆ ಮಿಷನ್ನಿಗೆ ಎದುರಾಗಿ ಹಾಕಿಸಿದ್ದು ಡಾಕ್ಟರಮ್ಮ.

ನಮ್ಮ ಟೈಲರಿಗೆ ಬೀದಿಯವರು ಇಟ್ಟ ಹೆಸರು ‘ಈಗ್ಬಂದೆ’. ಯಾರದೋ ಶರಟು ಹೊಲಿಯುತ್ತಿರುತ್ತಾನೆ, ಇನ್ನೇನೋ ಜ್ಞಾಪಕ ಬರುತ್ತದೆ, ‘ಈಗ್ಬಂದೆ’ ಅಂತ ಎದ್ದು ಹೋಗುತ್ತಾನೆ, ಮುಗಿಯಿತು. ಆ ‘ಈಗ’ ಕೆಲವು ಸಲ ಮಾರನೇ ದಿನ ಬರುತ್ತಿತ್ತು. ಹಾಗಂತ ಅವನನ್ನು ಸೋಮಾರಿ ಅಂದರೆ ನಾನು ಒಪ್ಪುವುದಿಲ್ಲ. ಹುಮ್ಮಸ್ಸು ಬಂತೋ, ಅವನನ್ನು ಹಿಡಿಯುವವರೇ ಇಲ್ಲ. ಹೋದ ತಿಂಗಳು ಮೂರು ದಿನ ಊಟದ ಮೇಲೂ ಗಮನವಿಲ್ಲದೆ ಕೂತು, ಅಂಗಡಿಯಲ್ಲಿದ್ದ ಗುಂಡಿಗಳನ್ನೆಲ್ಲ ಬಣ್ಣ, ಗಾತ್ರ, ತೂತುಗಳ ಪ್ರಕಾರ ಬೇರೆ ಮಾಡಿ ನಲವತ್ತೆರಡು ಡಬ್ಬಿಗಳಿಗೆ ತುಂಬಿದ್ದ. ಆ ಗುಂಡಿಗಳನ್ನು ಹಚ್ಚಬೇಕಾಗಿದ್ದ ಶರಟುಗಳು ಮಾತ್ರ ಹಾಗೇ ಬಿದ್ದಿದ್ದವು.

ಡಬ್ಬಿಗಳನ್ನು ನೋಡಿದ ಹೆಂಡತಿ ಏನೂ ಬೈಯದೆ ಅವನ ಕೈ ಹಿಡಿದು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಒಂದು ಗಂಟೆ ಕೂತು ಕೇಳಿ, ಇದಕ್ಕೆ ಎ.ಡಿ.ಎಚ್.ಡಿ. ಅಂತಾರೆ, ಇದು ನಿಮ್ಮ ತಪ್ಪಲ್ಲ ಅಂದರು. ನಲವತ್ತೊಂದು ವರ್ಷದಲ್ಲಿ ಯಾರೂ ಆಡದ ಮಾತು ಅದು.

“ನಿಮ್ಮ ಗಮನ ನಲ್ಲಿ ನೀರಿದ್ದ ಹಾಗೆ. ಯಾವಾಗ ಬರುತ್ತೋ ಗೊತ್ತಿಲ್ಲ, ಬಂದರೆ ಜೋರಾಗಿ ಬರುತ್ತೆ,” ಅಂದರು ಡಾಕ್ಟರಮ್ಮ. “ಅದು ಬರೋ ಹೊತ್ತಿಗೆ ಕೆಳಗೆ ಸರಿಯಾದ ಕೊಡ ಇರಬೇಕು, ಅಷ್ಟೇ.”

ಕೊಡ ಇಡುವುದಕ್ಕೆ ಮೂರು ದಾರಿ ಹೇಳಿದರು. ಒಂದು ಚೀಟಿಯಲ್ಲಿ ಒಂದೇ ಕೆಲಸ ಬರೆದು ಕಣ್ಣೆದುರು ಅಂಟಿಸಿಕೊಳ್ಳಬೇಕು. ಅಲಾರಂ ಇಟ್ಟುಕೊಂಡು ಆಗಾಗ ಬಿಡುವು ತಗೋಬೇಕು. ಇಷ್ಟಕ್ಕೂ ಮನಸ್ಸು ಕೂರದಿದ್ದರೆ ಎದುರಿಗೆ ಯಾರನ್ನಾದರೂ ಸುಮ್ಮನೆ ಕೂರಿಸಿಕೊಳ್ಳಬೇಕು. ಅವರೇನೂ ಮಾಡಬೇಕಾಗಿಲ್ಲ, ಇದ್ದರೆ ಸಾಕು.

ಚೀಟಿಗಳನ್ನು ಕತ್ತರಿಸಲು ಕೂತ ಟೈಲರ್ ಮುನ್ನೂರು ಚೀಟಿ ಕತ್ತರಿಸಿ ಅಂಚಿಗೆಲ್ಲ ಗೆರೆ ಎಳೆದ. ಅಲಾರಂ ಗಡಿಯಾರವನ್ನು ಹೇಗೆ ಹೊಡೆಯುತ್ತದೆ ನೋಡೋಣ ಅಂತ ಬಿಚ್ಚಿದ. ಉಳಿದಿದ್ದು ಕುರ್ಚಿ.

ಊರಿನಲ್ಲಿ ಹೊಸದಾಗಿ ತೆರೆಯಲಿದ್ದ ಹೋಟೆಲಿನ ಮ್ಯಾನೇಜರಮ್ಮ ಹತ್ತು ದಿನದ ಹಿಂದೆ ಬಟ್ಟೆ ಮತ್ತು ಅಳತೆ ಚೀಟಿ ಕೊಟ್ಟು ಹೋಗಿದ್ದರು. ಬಾಗಿಲಲ್ಲಿ ನಿಲ್ಲುವ ದ್ವಾರಪಾಲಕನಿಗೆ ಒಂದು ಕೋಟು, ಮಾದರಿಗೆ. ಅದು ಹಿಡಿಸಿದರೆ ಸಿಬ್ಬಂದಿಯ ನಲವತ್ತು ಕೋಟೂ ಇವನಿಗೇ. ಹತ್ತನೇ ದಿನ, ಅಂದರೆ ಆವತ್ತು ಸಂಜೆ ಐದಕ್ಕೆ, ಅವರು ಬರುವವರಿದ್ದರು. ಬೆಳಿಗ್ಗೆ ಬಟ್ಟೆ ಇನ್ನೂ ಮಡಿಕೆ ಬಿಚ್ಚದೆ ಕೂತಿತ್ತು.

“ಇದೂ ತಪ್ಪಿಹೋದ್ರೆ ಅಂಗಡಿ ಮುಚ್ಚಿಬಿಡಿ,” ಅಂದಳು ಹೆಂಡತಿ. “ಸೋಮವಾರದಿಂದ ನಮ್ಮಣ್ಣನ ಫ್ಯಾಕ್ಟರಿಗೆ ಹೋಗಿ.”

ಅಣ್ಣನ ಫ್ಯಾಕ್ಟರಿಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಎಡಗಡೆ ಜೇಬು ಹಚ್ಚುವುದು. ಬಲಗಡೆ ಜೇಬಿಗೆ ಬೇರೆಯವರಿದ್ದಾರೆ. ಹತ್ತೊಂಬತ್ತು ವರ್ಷದಿಂದ ಇಟ್ಟುಕೊಂಡಿದ್ದ ಅಂಗಡಿ ಅದು, ಅವನ ಜೀವವೇ ಅಲ್ಲಿತ್ತು. “ಎದುರಿಗೆ ಯಾರನ್ನಾದ್ರೂ ಕೂರಿಸು,” ಅಂದ.

ಮೊದಲು ಬಂದು ಕೂತವನು ಪಕ್ಕದ ಸಲೂನಿನವನು. ಸುಮ್ಮನೆ ಕೂರಬೇಕು ಅಂತ ಟೈಲರ್ ಹೆಂಡತಿ ಅವನಿಗೆ ಮೂರು ಸಲ ಹೇಳಿ ಮನೆಗೆ ಹೋದಳು. ಅವನು ಹೂಂ ಅಂದ. ಆದರೆ ಕ್ಷೌರ ಮಾಡುತ್ತ ಇಪ್ಪತ್ತು ವರ್ಷ ಮಾತಾಡಿದ ಬಾಯಿ, ಎಷ್ಟು ಹೊತ್ತು ಮುಚ್ಚಿಕೊಂಡಿರುತ್ತದೆ? ಐದೇ ನಿಮಿಷಕ್ಕೆ ತನ್ನ ಸಲೂನಿನ ತಿರುಗುವ ಕುರ್ಚಿ ಒಂದೇ ಕಡೆಗೆ ತಿರುಗುತ್ತಿದೆ, ವಾಪಸು ಬರುತ್ತಿಲ್ಲ, ಗಿರಾಕಿಗಳನ್ನು ಪೂರ್ತಿ ಒಂದು ಸುತ್ತು ಹಾಕಿಸಬೇಕಾಗಿದೆ ಅಂತ ಗೋಳು ತೋಡಿಕೊಂಡ.

ಟೈಲರಿನ ಕಣ್ಣು ಅರಳಿತು. ನಲ್ಲಿಯಲ್ಲಿ ನೀರು ಬಂದೇಬಿಟ್ಟಿತು, ಕೊಡ ಮಾತ್ರ ಪಕ್ಕದ ಅಂಗಡಿಯಲ್ಲಿತ್ತು. ‘ಈಗ್ಬಂದೆ’ ಅಂದವನು ಎರಡು ಗಂಟೆಯ ಮೇಲೆ ಮೈಯೆಲ್ಲ ಗ್ರೀಸು ಮಾಡಿಕೊಂಡು ಬಂದ. ಸಲೂನಿನ ಕುರ್ಚಿ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಕೋಟಿನ ಬಟ್ಟೆ ಇದ್ದಲ್ಲೇ ಇತ್ತು.

ಸುದ್ದಿ ತಿಳಿದ ಹೆಂಡತಿ ಸಲೂನಿನವನನ್ನು ಎಬ್ಬಿಸಿ ಮಹಡಿ ಮನೆಯ ಮೇಷ್ಟ್ರನ್ನು ಕೂರಿಸಿದಳು. ನಿವೃತ್ತರಾಗಿ ಏಳು ವರ್ಷವಾಗಿದ್ದರೂ ಮೇಷ್ಟ್ರ ಶಿಸ್ತು ನಿವೃತ್ತಿಯಾಗಿರಲಿಲ್ಲ. ಅವರು ಡಾಕ್ಟರಮ್ಮನ ಸೂಚನೆಗಳನ್ನು ಪೂರ್ತಿ ಕೇಳಿ ತಿಳಿದುಕೊಂಡು, ಕೈಯಲ್ಲೊಂದು ಗಂಟೆ ಹಿಡಿದು ಬಂದು, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಟೈಲರ್ ಬಟ್ಟೆ ಹಾಸಿ, ಸೀಮೆಸುಣ್ಣ ತಗೊಂಡು, ಮನಸ್ಸು ಇನ್ನೇನು ಒಂದು ಕಡೆ ನಿಲ್ಲಬೇಕು ಅನ್ನುವಷ್ಟರಲ್ಲಿ ಗಂಟೆ ಬಾರಿಸಿದರು. ಬಿಡುವು. ಬಿಡುವಿನಲ್ಲಿ ನೀರು ಕುಡಿಯಬೇಕು, ಕಿಟಕಿಯಾಚೆ ನೋಡಬೇಕು. ಟೈಲರ್ ಕಿಟಕಿಯಾಚೆ ನೋಡಿದರೆ ಇನ್ನೂ ಹದಿನಾಲ್ಕು ವಿಚಾರ ಹೊಳೆಯುತ್ತಿದ್ದವು. ಮತ್ತೆ ಬಂದು ಕೂರುತ್ತಿದ್ದ, ಮತ್ತೆ ಗಂಟೆ. ಮಧ್ಯಾಹ್ನ ಒಂದರ ಹೊತ್ತಿಗೆ ಅವನು ಎಂಟು ಲೋಟ ನೀರು ಕುಡಿದಿದ್ದ, ಬಟ್ಟೆಯ ಮೇಲೆ ಒಂದು ಗೆರೆ ಎಳೆದಿದ್ದ.

ಊಟ ತಂದ ಹೆಂಡತಿ ಆ ಗೆರೆಯನ್ನು ನೋಡಿದಳು. ಮೇಷ್ಟ್ರಿಗೆ ಕೈಮುಗಿದು ಮೇಲೆ ಕಳಿಸಿ, ಬೀದಿಯ ಕೊನೆಗೆ ಹೋಗಿ ಗೋಡೌನ್ ಮಾವನನ್ನು ಕರೆದುಕೊಂಡು ಬಂದಳು.

ಗೋಡೌನ್ ಮಾವ ಮೂವತ್ತು ವರ್ಷ ಗೋದಾಮು ಕಾದವರು. ಸುಮ್ಮನೆ ಕೂರುವುದೇ ಅವರ ಕಸುಬು. ಗೋದಾಮು ಮುಚ್ಚಿದ ಮೇಲೆ ಆರು ವರ್ಷದಿಂದ ಕಾಯುವುದಕ್ಕೆ ಏನೂ ಇಲ್ಲದೆ ಒಳಗೊಳಗೇ ಕೊರಗುತ್ತಿದ್ದರು. ಆಳು ಕಪಾಟಿನಷ್ಟು ಅಗಲ. ಅವರು ಕೂತರೆ ಕುರ್ಚಿ ಕಾಣುತ್ತಿರಲಿಲ್ಲ. ಮಾತಾಡಲಿಲ್ಲ, ಕೆಮ್ಮಲಿಲ್ಲ, ಟೈಲರಿನ ಕಡೆ ನೋಡಿಕೊಂಡು ಕಲ್ಲುಗುಂಡಿನ ಹಾಗೆ ಕೂತರು.

ಹತ್ತು ನಿಮಿಷಕ್ಕೆ ಟೈಲರಿನ ಮನಸ್ಸು ಕೆಲಸಕ್ಕೆ ಇಳಿಯಿತು. ಆಮೇಲೆ ಹುಮ್ಮಸ್ಸು ಬಂತು ನೋಡಿ, ಕತ್ತರಿ ಕಚಕಚ ಓಡಿತು, ಮಿಷನ್ನು ಒಂದೇ ಉಸಿರಿಗೆ ಗುಡುಗಿತು. ಸಲೂನಿನವನು ಇಣುಕಿ ಕರೆದ, ಕೇಳಿಸಲಿಲ್ಲ. ಮೇಷ್ಟ್ರು ಮಹಡಿಯಿಂದ ಗಂಟೆ ಬಾರಿಸಿದರು, ಅದೂ ಕೇಳಿಸಲಿಲ್ಲ. ಲೋಕದಲ್ಲಿ ಉಳಿದಿದ್ದು ಒಂದು ಕೋಟು, ಎದುರಿಗೆ ಒಬ್ಬ ಮಾವ. ಬೇರೆಯವರಿಗೆ ಎರಡು ದಿನದ ಕೆಲಸ. ಇವನು ಐದಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ಗುಂಡಿ ಹಚ್ಚಿ ದಾರ ಕಡಿದ. ಬಟ್ಟೆ ಚೂರೂ ಮಿಕ್ಕಿರಲಿಲ್ಲ. ಕೋಟನ್ನು ಎತ್ತಿ ಹಿಡಿದಾಗ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಅಂಥ ಕೋಟನ್ನು ಆ ಬೀದಿ ಕಂಡಿರಲಿಲ್ಲ.

ಐದಕ್ಕೆ ಸರಿಯಾಗಿ ಮ್ಯಾನೇಜರಮ್ಮ ದ್ವಾರಪಾಲಕನ ಜೊತೆ ಬಂದರು. ಅವನು ಕೊಡೆಯ ಕಡ್ಡಿಯಂಥ ಹುಡುಗ. ಕೋಟು ತೊಡಿಸಿದರು. ಕೋಟಿನ ಒಳಗೆ ಹುಡುಗ ಎಲ್ಲಿದ್ದಾನೆ ಅಂತ ಹುಡುಕಬೇಕಾಯಿತು. ತಿರುಗು ಅಂದರೆ ಹುಡುಗ ತಿರುಗಿದ, ಕೋಟು ತಿರುಗಲಿಲ್ಲ.

ಟೈಲರ್ ಅಳತೆ ಚೀಟಿ ತೆಗೆದು ನೋಡಿದ. ಎದೆ ಮೂವತ್ತನಾಲ್ಕು. ಆ ಚೀಟಿಯನ್ನು ಅವನು ಮಧ್ಯಾಹ್ನದಿಂದ ಮುಟ್ಟಿಯೇ ಇರಲಿಲ್ಲ. ತಲೆ ಎತ್ತಿದಾಗಲೆಲ್ಲ ಕಣ್ಣಿಗೆ ಬಿದ್ದಿದ್ದು ಎದುರಿಗಿದ್ದ ಮಾವನ ಮೈ, ಕೈ ಅದರ ಅಳತೆಗೇ ಕತ್ತರಿಸಿತ್ತು. ಅವನ ಕಣ್ಣ ಮುಂದೆ ಎಡಗಡೆ ಜೇಬುಗಳು ಸಾಲಾಗಿ ಬಂದು ನಿಂತವು.

ಆಗ ಗೋಡೌನ್ ಮಾವ ಮಧ್ಯಾಹ್ನದಿಂದ ಮೊದಲನೇ ಸಲ ಬಾಯಿ ಬಿಟ್ಟರು. “ನಾನೊಂದ್ಸಲ ಹಾಕ್ಕೊಂಡು ನೋಡ್ಲೇನಪ್ಪಾ?”

ಹಾಕಿಕೊಂಡರು. ಹೆಗಲು ಹೆಗಲಿಗೆ ಕೂತಿತು, ಗುಂಡಿಗಳು ತಾವಾಗಿಯೇ ಹೋಗಿ ಕಾಜಾಗಳಲ್ಲಿ ಸೇರಿದವು. ಮಾವ ಹೋಗಿ ಅಂಗಡಿ ಬಾಗಿಲಲ್ಲಿ ಕೈಕಟ್ಟಿ ನಿಂತರೆ ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನಮಸ್ಕಾರ ಮಾಡಿದರು. ಮ್ಯಾನೇಜರಮ್ಮ ಸುತ್ತಲೂ ಒಂದು ಸಲ ನಡೆದು ನೋಡಿದರು.

“ಟೈಲರ್ರೇ, ಕೋಟು ಸರಿಯಾಗೇ ಇದೆ. ನಾವು ಆಳನ್ನ ತಪ್ಪಾಗಿ ಆರಿಸಿದ್ವಿ,” ಅಂದರು. “ನಲವತ್ತೂ ನೀವೇ ಹೊಲೀರಿ. ಮೊದಲ ಹತ್ತು ಕೋಟು ಈ ಭಾನುವಾರಕ್ಕೆ ಬೇಕು. ಒಂದು ಕಮ್ಮಿಯಾದ್ರೂ ಬೇರೆ ಅಂಗಡಿಗೆ ಕೊಡ್ತೀನಿ.”

ಹುಡುಗನಿಗೆ ಒಳಗೆ ಕೌಂಟರಿನಲ್ಲಿ ಕೂರುವ ಕೆಲಸ ಕೊಟ್ಟರು. ದಿನವಿಡೀ ನಿಲ್ಲುವುದು ತಪ್ಪಿತಲ್ಲ ಅಂತ ಅವನು ಖುಷಿಯಾದ. ಗೋಡೌನ್ ಮಾವ ನಾಳೆ ಬೆಳಿಗ್ಗೆ ಎಂಟರಿಂದ ಹೋಟೆಲಿನ ಬಾಗಿಲಿಗೆ ಅಂತಾಯಿತು. ಮಾವ ಟೈಲರಿನ ಎರಡೂ ಕೈ ಹಿಡಿದು ಕುಲುಕಿ, ಕೋಟು ತೊಟ್ಟುಕೊಂಡೇ ಮನೆಗೆ ಹೋದರು. ನಲವತ್ತು ಅಳತೆ ಚೀಟಿ ಮತ್ತು ಬಟ್ಟೆಯ ದೊಡ್ಡ ಗಂಟನ್ನು ಕಾರಿನಿಂದ ಇಳಿಸಿ ಮ್ಯಾನೇಜರಮ್ಮನೂ ಹೋದರು. ಹೆಂಡತಿ ಅಣ್ಣನಿಗೆ ಸುದ್ದಿ ಹೇಳಲು ಮನೆಗೆ ಓಡಿದಳು.

ಟೈಲರಿಗೆ ಮೈಯಲ್ಲಿ ಇನ್ನೂ ಹುಮ್ಮಸ್ಸು ಕುಣಿಯುತ್ತಿತ್ತು. ಇವತ್ತೇ ಒಂದು ಕೋಟು ಕತ್ತರಿಸಿಬಿಡೋಣ ಅಂತ ಕೂತು ತಲೆ ಎತ್ತಿದ. ಕುರ್ಚಿ ಖಾಲಿ. ಮಾವ ನಾಳೆಯಿಂದ ಹೋಟೆಲಿನ ಬಾಗಿಲಿಗೆ, ಭಾನುವಾರದವರೆಗೂ ಅದು ಖಾಲಿಯೇ. ಇದಕ್ಕೊಂದು ವ್ಯವಸ್ಥೆ ಆಗಬೇಕು, ಬಾಗಿಲಿಗೆ ಒಂದು ಸಣ್ಣ ಬೋರ್ಡು ಹಾಕಿದರೆ ಯಾರಾದರೂ ಬಂದಾರು, ಎರಡು ನಿಮಿಷದ ಕೆಲಸ ಅಂದುಕೊಂಡು ಒಂದು ಹಲಗೆ ತಗೊಂಡ.

ಹೆಂಡತಿ ಮುಖದ ತುಂಬ ನಗು ಹೊತ್ತು ವಾಪಸು ಬರುವಾಗ ದೀಪ ಹಚ್ಚುವ ಹೊತ್ತು. ಬಟ್ಟೆಯ ಗಂಟು ಬಿಚ್ಚಿರಲಿಲ್ಲ. ಬಾಗಿಲಲ್ಲಿ ಬೋರ್ಡು ತೂಗುತ್ತಿತ್ತು: ‘ಎದುರಿಗೆ ಕೂರಲು ಒಬ್ಬರು ಬೇಕು’. ಕೆಂಪು ಅಕ್ಷರ, ಚಿನ್ನದ ಅಂಚು, ಪ್ರತಿ ಅಕ್ಷರಕ್ಕೂ ನೀಲಿ ನೆರಳು, ಸುತ್ತ ಬಳ್ಳಿ. ಟೈಲರ್ ಕೊನೆಯ ಎಲೆಗೆ ನರ ಬಿಡಿಸುತ್ತಿದ್ದ. ಬೋರ್ಡು ನೋಡಿ ಬಂದವರು ಒಬ್ಬರೇ, ಎದುರು ಸಾಲಿನ ಔಷಧಿ ಅಂಗಡಿಯವರು. ಅವರೂ ಕೂರಲಿಕ್ಕೆ ಬಂದಿರಲಿಲ್ಲ.

“ನಮ್ಮ ಅಂಗಡಿಗೂ ಇಂಥದೊಂದು ಬರೆದುಕೊಡೋಕಾಗುತ್ತಾ?” ಅಂತ ಕೇಳಿದರು.

ಟೈಲರಿನ ಕಣ್ಣು ಅರಳಿತು. ಹೆಂಡತಿ ಆ ಖಾಲಿ ಕುರ್ಚಿಯಲ್ಲಿ ಹೋಗಿ ಕೂತಳು. ಅಂತೂ ಎದುರಿಗೆ ಒಬ್ಬರು ಸಿಕ್ಕಿದ್ದರು, ಆದರೆ ಅಷ್ಟರಲ್ಲಿ ಟೈಲರ್ ಕುಂಚ ಹಿಡಿದುಕೊಂಡು ರಸ್ತೆ ದಾಟುತ್ತಿದ್ದ.