ರ‍್ಯಾಂಕಿನ ಪೋರಗೋಳ ಫುಟ್‌ಬಾಲ್

ಎಷ್ಟೋ ಸಲ ಅಂದ್ಕೊಂಡೀನಿ, ಇವತ್ತು ಏನೂ ಆಗಂಗಿಲ್ಲ, ಪ್ರಾಕ್ಟೀಸ್ ಮುಗಿಸಿ ಸುಮ್ನ ಮನಿಗಿ ಹೋಗಿ ಚಾ ಕುಡೀತೇನಿ ಅಂತ. ಹಂಗ ಒಂದು ದಿನಾನೂ ಆಗಿಲ್ಲ. ನಾ ಸೀಟಿ ಊದೋದನ್ನೇ ಕಾಯ್ಕೋತ ಕುಂತಿರ್ತಾವೇನೋ ಇಂಥಾವೆಲ್ಲ.

ಬೀದರದಾಗ ಒಂದು ಯೂನಿವರ್ಸಿಟಿ ಅದ. ಹೆಸರು ಬ್ಯಾಡ ಬಿಡ್ರಿ, ಹೇಳಿದ್ರ ನೀವೂ ಅರ್ಜಿ ಹಾಕ್ತೀರಿ, ಸೀಟು ಸಿಗಂಗಿಲ್ಲ, ಸುಮ್ನ ಬೇಜಾರ. ಅಲ್ಲಿ ಸೇರಬೇಕಂದ್ರ ಒಂದು ಎಂಟ್ರೆನ್ಸ್ ಬರೀಬೇಕು. ಅದ್ರಾಗ ಪಾಸಾದವರಿಗಿ ಇನ್ನೊಂದು ಎಂಟ್ರೆನ್ಸ್. ಜ್ವಾಳ ಹಸನ ಮಾಡಿದಂಗ ಮಾಡಿ, ಒಂದು ಹಳ್ಳೂ ಇಲ್ಲದಂಗ ನೋಡಿ ತಗೋತಾರ. ನಾ ಅಲ್ಲಿ ಫುಟ್‌ಬಾಲ್ ಕೋಚ್. ನಂದು ಡಿಗ್ರಿ ಎರಡನೇ ವರ್ಷಕ್ಕ ಬಿಟ್ಟಿದ್ದು. ಆ ಕಂಪೌಂಡಿನಾಗ ನನಗಿಂತ ಕಡಿಮಿ ಓದಿದ್ದು ಅಂದ್ರ ಗೇಟಿನ ನಾಯಿ ಒಂದೇ. ಅದೂ ದಿನಾ ಲೈಬ್ರರಿ ಮುಂದ ಮಲಗ್ತದ, ಇಷ್ಟೊತ್ತಿಗಿ ಎಲ್ಲೀತನಕ ಓದ್ಯದೋ ಗೊತ್ತಿಲ್ಲ.

ಹೋದ ವರ್ಷ ಡೈರೆಕ್ಟರ್ ಸಾಹೇಬ್ರು ಕರದ್ರು. ಟೇಬಲ್ ಮ್ಯಾಗ ಒಂದು ನಕ್ಷಾ ಹಾಸಿದ್ರು.

"ಇದು ಏನು ಗೊತ್ತದ? ಹೊಸಾ ಪರೀಕ್ಷಾ ಹಾಲು. ನಿಮ್ಮ ಮೈದಾನದಾಗ ಬರ್ತದ."

"ಮತ್ತ ಫುಟ್‌ಬಾಲ್ ಸರ್?"

"ನೀವು ಬಂದು ಎರಡು ವರ್ಷ ಆತು. ಒಂದು ಮ್ಯಾಚರ ಗೆದ್ದೀರೇನು? ಈ ವರ್ಷ ಮೂರು ಮ್ಯಾಚ್ ಅವ. ಔರಾದದಾಗ ಒಂದು, ಇಲ್ಲೊಂದು, ಭಾಲ್ಕಿದಾಗ ಒಂದು. ಒಂದಾದ್ರೂ ಗೆಲ್ಲಬೇಕು. ಇಲ್ಲಂದ್ರ ಪಾಯಾ ತೋಡ್ತೇವಿ, ನೀವೂ ಬ್ಯಾರೆ ಕಡಿ ನೋಡ್ಕೋರಿ."

ನನಗ ಬ್ಯಾರೆ ಕಡಿ ಅನ್ನೋದೇ ಇಲ್ಲ. ಮ್ಯಾಲಿಂದ ನಮ್ಮವ್ವ. ಮಿಶನ್ ದವಾಖಾನಿದಾಗ ನರ್ಸ್ ಆಗಿ ರಿಟೈರ್ ಆದಾಕಿ. ನಾ ಕಾಲೇಜ್ ಬಿಟ್ಟಾಗಿಂದ ಚರ್ಚಿನಾಗ ಹಿಂದಿನ ಬೆಂಚಿಗಿ ಕುಂದರ್ತಿದ್ಳು, ಯಾರಾರ ಕೇಳ್ತಾರಂತ. ಈ ಕೆಲಸ ಸಿಕ್ಕ ಮ್ಯಾಲ ಮುಂದಿನ ಬೆಂಚಿಗಿ ಬಂದಾಳ. "ಮಗ ಏನು ಮಾಡ್ತಾನ್ರಿ?" ಅಂದ್ರ "ಯೂನಿವರ್ಸಿಟಿದಾಗ ಅದಾನ್ರಿ" ಅಂತಾಳ. ಸುಳ್ಳೇನಲ್ಲ. ನಾ ಕೆಲಸ ಕಳಕೊಂಡ್ರ ಆಕಿ ಮತ್ತ ಹಿಂದಿನ ಬೆಂಚಿಗಿ.

ಮೊದಲ್ನೇ ದಿನ

ಹದಿನೆಂಟು ಮಂದಿ ಬಂದ್ರು. ಬೂಟು ಇದ್ದವರು ನಾಲ್ಕು ಮಂದಿ. ಪೆನ್ನು ನೋಟ್‌ಬುಕ್ಕು ಇಲ್ಲದವ ಒಬ್ಬನೂ ಇಲ್ಲ.

"ಚೆಂಡು ಒದೀಲಿಕ್ಕಿ ಪೆನ್ ಯಾಕ್ರೋ?"

"ನೀವು ಹೇಳೋದು ಬರ್ಕೋಬೇಕಲ್ರಿ ಸರ್."

"ನಾ ಏನೂ ಹೇಳಂಗಿಲ್ಲ. ಓಡ್ರಿ."

ಅದನ್ನೂ ಬರ್ಕೊಂಡ್ರು.

ಕ್ಯಾಪ್ಟನ್ ಆಗಬೇಕಂತಿದ್ದವ ಒಬ್ಬ, ಚಷ್ಮಾದವ, ಮುಂದ ಬಂದ. "ಹಿಂದಿನ ವರ್ಷದ ಕ್ವೆಶ್ಚನ್ ಪೇಪರ್ ಇದ್ದಂಗ ಏನರ ಅದಾವೇನ್ರಿ?"

"ಹಿಂದಿನ ಮ್ಯಾಚಿನ ವಿಡಿಯೋ ಅವ. ಎಲ್ಲಾ ಸೋತದ್ದೇ."

"ಹಂಗಾದ್ರ ಚಲೋ ಆತ್ರಿ. ರಿಪೀಟ್ ಆಗೋ ಪ್ರಶ್ನಿ ಯಾವ್ಯಾವು ಅಂತ ಗೊತ್ತಾಗ್ತದ."

ಅವನ್ನೇ ಕ್ಯಾಪ್ಟನ್ ಮಾಡ್ದೆ, ಮಾತಾಡೋ ತ್ರಾಣ ಇರಲಿಲ್ಲ ನನಗ. "ಈಗ ಮೈದಾನಕ್ಕ ನಾಲ್ಕು ಸುತ್ತು ಹೊಡೀರಿ" ಅಂದೆ.

ಹಿಂದಿಂದ ಒಂದು ಕೈ ಮ್ಯಾಲೆದ್ದಿತು. "ಸರ್, ನಾಲ್ಕರಾಗ ಯಾವುದಾದ್ರೂ ಮೂರು ಓಡಿದ್ರ ನಡೀತದೇನ್ರಿ?"

ತಲಿ ಅಷ್ಟು ಬಿಡ್ರಿ

ಭಾಲ್ಕಿ ಕಡಿ ಮೆಹಕರ ಅನ್ನೋ ಹಳ್ಳಿ ಪೋರ ಒಬ್ಬ ಇದ್ದ, ನಾ ಪೋರಗೋಳನ್ನ ಊರ ಹೆಸರೀಲೇ ಕರೀತಿದ್ದೆ. ಆರು ಫೂಟ್ ಎತ್ತರ. ಇವನ್ನ ಡಿಫೆನ್ಸಿಗಿ ನಿಲ್ಲಿಸಿದ್ರ ಮ್ಯಾಲಿಂದ ಬರೋ ಚೆಂಡೆಲ್ಲಾ ತಲೀಲೇ ಹೊಡದು ತಗೀತಾನ ಅಂತ ನನ್ನ ಲೆಕ್ಕ. ಚೆಂಡು ಬಂತಂದ್ರ ಅವಾ ಬಗ್ಗಿಬಿಡ್ತಿದ್ದ. ಆರು ಫೂಟಿನವ ಮೂರು ಫೂಟ್ ಆಗ್ತಿದ್ದ. ನಾ ದಿನಾ ಒದರೋದು, "ಮೆಹಕರ, ತಲಿ ಕೊಡೋ, ತಲಿ."

ಒಂದು ಸಂಜಿ ಅವರವ್ವಂದು ಫೋನ್ ಬಂತು.

"ನಮಸ್ಕಾರ್ರಿ ಸರ. ನಾ ಅವನ ಆಯಿ ಮಾತಾಡ್ಲಿಕತ್ತೀನಿ. ಪೋರಗ ತಲೀಲೇ ಚೆಂಡು ಹೊಡೀಲಿಕ್ಕಿ ಹೇಳೀರಂತ?"

"ಹೌದ್ರಿ ಅಕ್ಕಾ, ಆಟದಾಗ ಅದು ಇರ್ತದ್ರಿ."

"ಹಂಗಲ್ರಿ ಸರ. ಬಾಲವಾಡಿಯಿಂದ ಹಿಡದು ಇಲ್ಲೀತನಕ ನಾವು ಹಾಕಿದ್ದೆಲ್ಲಾ ಅದೇ ತಲ್ಯಾಗ ಅದ. ಕಾಲು ತಗೋರಿ, ಬೆನ್ನು ತಗೋರಿ, ಹೊಟ್ಟಿ ಬೇಕಂದ್ರ ಹೊಟ್ಟಿನೂ ತಗೋರಿ. ತಲಿ ಅಷ್ಟು ಬಿಡ್ರಿ."

"ಏನೂ ಆಗಂಗಿಲ್ರಿ. ನಾ ಸಣ್ಣವಿದ್ದಾಗಿಂದ ತಲೀಲೇ ಹೊಡದೀನಿ, ನನಗೇನಾಗ್ಯದ ಹೇಳ್ರಿ?"



"ನೀವು ಎಲ್ಲೀತನಕ ಓದೀರಿ ಸರ?"

ಹೇಳ್ದೆ.

"ಅದಕ್ಕೇ ಹೇಳ್ಲಿಕತ್ತೀನ್ರಿ," ಅಂದ್ರು, ಭಾಳ ಮರ್ಯಾದಿಲಿಂದ.

ಔರಾದದಾಗ ಹನ್ನೊಂದು ಕೈ

ಮೊದಲ್ನೇ ಮ್ಯಾಚಿಗಿ ಮುಂಚಿ ಒಂದು ತಪ್ಪು ಮಾಡ್ದೆ. ಆಟದ ನಿಯಮದ ಪುಸ್ತಕ ಅವರ ಗ್ರೂಪಿಗಿ ಕಳಿಸಿದೆ. ಎರಡು ದಿನದಾಗ ಹದಿನೆಂಟೂ ಮಂದಿಗಿ ಬಾಯಿಪಾಠ. ಯಾವ ನಿಯಮ ಎಷ್ಟನೇದು, ಅದ್ರಾಗ ಉಪನಿಯಮ ಎಷ್ಟು, ಎಲ್ಲಾ. ನನಗ ಇವತ್ತಿಗೂ ಬರಂಗಿಲ್ಲ.

ಔರಾದದ ಮೈದಾನ ಎರಿ ಮಣ್ಣಿಂದು. ಎದುರಿನ ಕಾಲೇಜಿನ ಪೋರಗೋಳು ಅರ್ಧ ಮಂದಿ ಬರಿಗಾಲಾಗ ಆಡ್ಲಿಕತ್ತಿದ್ರು, ಗಾಳಿ ಓಡಿದಂಗ ಓಡ್ತಿದ್ರು. ಹತ್ತು ನಿಮಿಷ ನಮ್ಮವರೂ ಚಲೋನೇ ಆಡಿದ್ರು. ಆಮ್ಯಾಲ ಅವರವ ಒಬ್ಬ ಚೂರು ಮುಂದ ನಿಂತಿದ್ದ, ಆಫ್‌ಸೈಡಿನಾಗ. ಚೆಂಡು ಅವನ ಕಾಲಿಗಿ ಬಂತು.

ನಮ್ಮ ಹನ್ನೊಂದೂ ಮಂದಿ ನಿಂತು ಬಲಗೈ ಎತ್ತಿದ್ರು. ಕ್ಲಾಸಿನಾಗ ಎತ್ತತಾರಲ್ಲ, ಹಂಗ. ಗೋಲ್‌ಕೀಪರ್ ಸುದ್ದಾ ಎತ್ತಿದ್ದ. ಔರಾದದವ ಅವನ ಬಾಜೂಲಿಂದ ಹೋಗಿ ಆರಾಮಾಗಿ ಗೋಲ್ ಹೊಡದ.

ರೆಫರಿ ಅಂದ್ರ ಅಲ್ಲೇ ಸಾಲಿ ಪಿಟಿ ಮಾಸ್ತರು. "ಏನ್ರಪ್ಪಾ, ಯಾಕ ನಿಂತ್ರಿ?"

"ಹನ್ನೊಂದನೇ ನಿಯಮರಿ ಸರ್, ಆಫ್‌ಸೈಡ್," ಅಂದ ನಮ್ಮ ಕ್ಯಾಪ್ಟನ್. ಉಳದ ಹತ್ತೂ ಮಂದಿ ತಲಿ ಅಲ್ಲಾಡಿಸಿದ್ರು.

"ನಾ ಸೀಟಿ ಊದೀನೇನು?"

"ಇಲ್ರಿ. ಊದಬೇಕಿತ್ತು."

ಹಿಂಗ ಐದು ಸಲ ಕೈ ಎತ್ತಿದ್ರು, ಐದು ಗೋಲ್ ಆದ್ವು. ನಾ ಲೈನಿನ ಬಾಜೂಕ ನಿಂತು "ಓಡ್ರೋ, ಕೈ ಇಳಸ್ರೋ" ಅಂತ ಒದರಿ ಒದರಿ ಗಂಟಲು ಬಿತ್ತು. ಮುಗದ ಮ್ಯಾಲ ಮಾಸ್ತರು ನನ್ನ ಹತ್ರ ಬಂದ್ರು, ಬೆವರು ಒರಸ್ಕೋತ.

"ನಿಮ್ಮ ಪೋರಗೋಳು ಭಾಳ ಶಾಣ್ಯಾರಿ. ಐದಕ್ಕ ಐದೂ ಖರೆ ಹೇಳಿದ್ರು. ಒಂದು ಕೆಲಸ ಮಾಡ್ರಿ, ಮುಂದಿನ ವರ್ಷ ಅವರ ಕೈಯಾಗ ಸೀಟಿ ಕೊಡ್ರಿ. ಆಟ ಬ್ಯಾರೆ ಯಾರಾರ ಆಡ್ಲಿ."

ಡೌಟ್ ಇತ್ತು ಸರ್

ಎರಡನೇ ಮ್ಯಾಚ್ ನಮ್ಮದೇ ಮೈದಾನದಾಗ. ನನ್ನ ಆಸೆ ಎಲ್ಲಾ ಬಗದಲ್ ಅನ್ನೋ ಹಳ್ಳಿಯಿಂದ ಬಂದ ಒಬ್ಬ ಪೋರನ ಮ್ಯಾಲಿತ್ತು. ಹೊಲದಾಗ ಓಡಾಡಿ ಬೆಳದವ, ಕಾಲಿನಾಗ ಕಸುವು ಅದ. ಖರೇನ ಮೂರು ಮಂದೀನ ದಾಟಿ ಹೋದ. ಎದುರಿಗಿ ಗೋಲ್‌ಕೀಪರ್ ಒಬ್ಬನೇ. ಅಲ್ಲಿ ನಿಂತ. ಎಡಕ್ಕ ನೋಡಿದ, ಬಲಕ್ಕ ನೋಡಿದ, ಚೆಂಡು ಹಿಂದಕ್ಕ ಕೊಟ್ಟು ವಾಪಸ್ ಬಂದ. ಒಂದು ಸಲ ಅಲ್ಲ, ಮೂರು ಸಲ.

ಅರ್ಧ ಆಟ ಮುಗದ ಮ್ಯಾಲ ಹಿಡಕೊಂಡೆ. "ಏನೋ ಬಗದಲ್, ಹೊಡೀಲಿಕ್ಕಿ ಏನು ಧಾಡಿ?"

"ಡೌಟ್ ಇತ್ತು ಸರ್."

"ಏನು ಡೌಟು?"

"ಎಡಕ್ಕ ಹೊಡೀಬೇಕೋ ಬಲಕ್ಕೋ ಅಂತ. ಫಿಫ್ಟಿ ಫಿಫ್ಟಿ ಇದ್ರ ಬಿಟ್ಟು ಮುಂದ ಹೋಗಬೇಕ್ರಿ. ತಪ್ಪಾದ್ರ ಮಾರ್ಕ್ಸ್ ಕಟ್ ಆಗ್ತಾವ."

ಆವಾಗ ನನಗ ತಿಳೀತು. ಎಂಟನೇ ಕ್ಲಾಸಿನಿಂದ ಇವರಿಗಿ ಕೋಚಿಂಗ್ ಕ್ಲಾಸಿನಾಗ ಇದನ್ನೇ ತಿಕ್ಕ್ಯಾರ. ಗ್ಯಾರಂಟಿ ಇಲ್ಲದ್ದು ಮುಟ್ಟಬ್ಯಾಡ. ಎಲ್ಲರ್ನೂ ಕುಂದರಿಸಿ ಹೇಳ್ದೆ, "ನೋಡ್ರಿ, ಫುಟ್‌ಬಾಲಿನಾಗ ನೆಗೆಟಿವ್ ಮಾರ್ಕಿಂಗ್ ಇಲ್ಲ. ಎಷ್ಟು ತಪ್ಪು ಹೊಡದ್ರೂ ಏನೂ ಕಟ್ ಆಗಂಗಿಲ್ಲ."

ಒಬ್ಬರ ಮುಖ ಒಬ್ಬರು ನೋಡಿದ್ರು. ಇಂಥಾ ಪೇಪರ್ ಅವರ ಜನ್ಮದಾಗ ಬಂದಿರಲಿಲ್ಲ.

"ಎಲ್ಲಾದಕ್ಕೂ ಟಿಕ್ ಹಾಕಬಹುದೇನ್ರಿ?"

"ಹಾಕ್ರಿ" ಅಂದೆ. ಅಲ್ಲಿ ನಾ ಕೆಟ್ಟೆ.

ಎರಡನೇ ಅರ್ಧದಾಗ ಯಾರ ಕಾಲಿಗಿ ಚೆಂಡು ಸಿಕ್ತೋ ಅವಾ ಹೊಡದ. ನಿಂತಲ್ಲಿಂದ ಹೊಡದ, ಕುಂತಲ್ಲಿಂದ ಹೊಡದ, ಬೆನ್ನು ತಿರುಗಿಸಿ ಹೊಡದ. ಗೋಲ್‌ಕೀಪರ್ ತನ್ನ ಜಾಗದಿಂದಲೇ ಹೊಡದ. ಒಂದು ಚೆಂಡು ಲೈಬ್ರರಿ ಮಾಳಗಿ ಮ್ಯಾಲ ಹೋತು, ಒಂದು ಮೆಹಕರದವನ ತಲಿಗಿ ಬಡೀತು. ನಾ ಜಲ್ದಿ ಮೊಬೈಲ್ ಸ್ವಿಚ್ ಆಫ್ ಮಾಡ್ದೆ.

ಮ್ಯಾಚ್ ಮುಗದ ಮ್ಯಾಲ ಕ್ಯಾಪ್ಟನ್ ನೋಟ್‌ಬುಕ್ ತಗದು ಲೆಕ್ಕಾ ಒಪ್ಪಿಸಿದ. ಅಟೆಂಪ್ಟ್ ಮಾಡಿದ್ದು ಇಪ್ಪತ್ತಾರು. ಗೋಲಿನೊಳಗ ಹೋಗಿದ್ದು ಎರಡು. ಎರಡೂ ನಮ್ಮ ಗೋಲಿನಾಗ.

ಭಾಲ್ಕಿ

ಉಳದದ್ದು ಒಂದೇ ಮ್ಯಾಚ್. ನಮ್ಮವ್ವ ಮುಂಜಾನಿ ನನ್ನ ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡಿ ಕಳಿಸಿದ್ಳು. ಬಸ್ಸಿನಾಗ ಪೋರಗೋಳು ಮರುದಿನದ ಇಂಟರ್ನಲ್ಸಿಗಿ ಓದ್ಲಿಕತ್ತಿದ್ರು. ನಾ ಕಿಟಕಿ ಹೊರಗ ಕಬ್ಬಿನ ಟ್ರ್ಯಾಕ್ಟರ್ ಎಣಸ್ಕೋತ ಕುಂತಿದ್ದೆ. 

ಅವತ್ತು ಏನಾಗಿತ್ತೋ, ನಮ್ಮವರು ಆಡಿದ್ರು. ಗೋಲ್ ಹೊಡೀಲಿಲ್ಲ, ಹೊಡಸ್ಕೊಳ್ಳಲೂ ಇಲ್ಲ. ಮೂರು ನಿಮಿಷ ಉಳದಾಗ ನಮಗ ಕಾರ್ನರ್ ಸಿಕ್ತು. ಚೆಂಡು ಹಾರಿ ಬಂತು, ಬಗದಲ್ಲಿನವ ಜಿಗದ, ಅವನ ಮುಂಗೈಗಿ ಬಡದು ಚೆಂಡು ಒಳಗ ಹೋತು. ಕೈಗಿ ಬಡದದ್ದು ನಾ ನೋಡ್ದೆ. ರೆಫರಿ ನೋಡಲಿಲ್ಲ. ಭಾಲ್ಕಿಯವರೂ ನೋಡಲಿಲ್ಲ. ರೆಫರಿ ಸೀಟಿ ಊದಿ, ಗೋಲ್ ಅಂತ ಕೈ ತೋರಿಸಿದ್ರು.

ನನಗ ಮೈದಾನ ಉಳೀತು, ಕೆಲಸ ಉಳೀತು, ಅವ್ವನ ಬೆಂಚು ಉಳೀತು. ಕಣ್ಣಾಗ ನೀರು ಬಂದುವು, ಖರೆ ಹೇಳ್ತೇನಿ.

ಒರಸ್ಕೊಂಡು ನೋಡಿದ್ರ ಬಗದಲ್ಲಿನವ ಸೀದಾ ರೆಫರಿ ಹತ್ರ ಹೊಂಟಾನ.

"ಸರ್, ಕೈಗಿ ಬಡದದ್ರಿ."

"ನಾ ನೋಡಿಲ್ಲಪ್ಪಾ."

"ಆದ್ರೂ ಬಡದದ್ರಿ."

ಭಾಲ್ಕಿ ಕ್ಯಾಪ್ಟನ್ನೇ ಅಂದ, "ಹೋಗ್ಲಿ ಬಿಡೋ ಮಾರಾಯಾ, ನಮಗ ಹಳ್ಳಿ ಬಸ್ಸಿಗಿ ಲೇಟ್ ಆಗ್ತದ." ಇವಾ ಕೇಳಲಿಲ್ಲ. ಗೋಲ್ ಕ್ಯಾನ್ಸಲ್ ಆತು. ಸೊನ್ನಿ ಸೊನ್ನಿಗಿ ಮ್ಯಾಚ್ ಮುಗೀತು.

ನನಗ ಸಿಟ್ಟು ಮಾಡ್ಲಿಕ್ಕಿ ಸುದ್ದಾ ಶಕ್ತಿ ಇರಲಿಲ್ಲ. ಬಾಜೂಕ ಕುಂದರಿಸಿಕೊಂಡು ಕೇಳ್ದೆ, "ಸತ್ಯ ಹೇಳೋ ಚಾಳಿ ಯಾವಾಗಿಂದ ತಮ್ಮಾ?"

"ಸತ್ಯ ಗಿತ್ಯ ಏನಿಲ್ರಿ ಸರ್. ಅಲ್ಲಿ ಒಬ್ಬರು ಮೊಬೈಲ್ ಹಿಡದು ವಿಡಿಯೋ ಮಾಡ್ಲಿಕತ್ತಿದ್ರು. ಕಾಪಿ ಹಿಡಿಯೋ ಸ್ಕ್ವಾಡಿನವರು ಅಂದ್ಕೊಂಡೆ. ಸಿಕ್ಕಬಿದ್ರ ಕಾಪಿ ಕೇಸ್ ಆಗಿ ಮೂರು ವರ್ಷ ಡಿಬಾರ್ ಮಾಡ್ತಾರ. ನಾವೇ ಒಪ್ಪಿಕೊಂಡ್ರ ಒಂದೇ ಪೇಪರ್ ಹೋಗ್ತದ್ರಿ."

"ಅವಾ ನಮ್ಮ ಬಸ್ಸಿನ ಡ್ರೈವರ್ ಲೇ. ಮನಿಯವರಿಗಿ ವಿಡಿಯೋ ಕಾಲ್ ಹಚ್ಚಿದ್ದ, ಭಾಲ್ಕಿಯಿಂದ ಕಾಯಿಪಲ್ಯ ಏನು ತರಬೇಕಂತ."

ಮರುದಿನ ಮುಂಜಾನಿ ಸೀಟಿ, ಸ್ಪೋರ್ಟ್ಸ್ ರೂಮಿನ ಚಾವಿ ಎರಡೂ ಕಿಸೆದಾಗ ಹಾಕ್ಕೊಂಡು ಡೈರೆಕ್ಟರ್ ಸಾಹೇಬ್ರ ಚೇಂಬರಿಗಿ ಹೋದೆ, ಕೊಟ್ಟು ಬರಬೇಕಂತ. ನಕ್ಷಾ ಟೇಬಲ್ ಮ್ಯಾಗೇ ಇತ್ತು.

"ನಮಗ ಎಷ್ಟು ಬಂದ್ವು?"

"ಸೊನ್ನಿ ಸರ್."

ಚಷ್ಮಾ ಮ್ಯಾಲಿಂದ ನೋಡಿದ್ರು. "ಅವರಿಗಿ?"

"ಅವರಿಗೂ ಸೊನ್ನಿ."

ಪೆನ್ನು ತಗದ್ರು. "ನಮಗಿಂತ ಹೆಚ್ಚು ಯಾರಿಗಾರ ಬಂದಾವೇನು?"

"ಆಡಿದ್ದೇ ಎರಡು ಟೀಮ್ರಿ ಸರ್."

"ಕೇಳಿದ್ದಕ್ಕ ಉತ್ತರ ಹೇಳ್ರಿ. ಹೆಚ್ಚು ಬಂದಾವೋ ಇಲ್ಲೋ?"

"ಇಲ್ರಿ."

"ಅಂದ್ರ ಹೈಯೆಸ್ಟ್ ಸೊನ್ನಿ. ಹೈಯೆಸ್ಟ್ ನಮಗ ಬಂದದ. ಇಬ್ಬರಿಗಿ ಬಂದದ ಅಂದ್ರ ಜಂಟಿ ಪ್ರಥಮ ರ‍್ಯಾಂಕ್. ಇದನ್ನ ಹೇಳ್ಲಿಕ್ಕಿ ಇಷ್ಟ್ಯಾಕ ಅಂಜಲಿಕತ್ತೀರಿ?"

ನಾ ಬಾಯಿ ತೆರದೆ. ಅವ್ವ ನೆನಪಾದ್ಳು. ಬಾಯಿ ಮುಚ್ಚಿದೆ. ಸಾಹೇಬ್ರು ನಕ್ಷಾ ಸುರುಳಿ ಸುತ್ತಿ ಕಪಾಟಿನಾಗ ಇಟ್ರು.

ಮಧ್ಯಾಹ್ನದೊಳಗ ಗೇಟಿಗಿ ಬ್ಯಾನರ್ ಬಿತ್ತು. ಹನ್ನೊಂದೂ ಮಂದಿ ಫೋಟೋ, ಮೂಲಿಯಾಗ ನಂದೊಂದು, ಮ್ಯಾಲ ದಪ್ಪ ಅಕ್ಷರದಾಗ "ಭಾಲ್ಕಿ ಫುಟ್‌ಬಾಲ್ ಪಂದ್ಯದಲ್ಲಿ ಪ್ರಥಮ ರ‍್ಯಾಂಕ್." ಅವ್ವ ಆಟೋ ಮಾಡ್ಕೊಂಡು ಬಂದು ನೋಡಿ ಹೋದ್ಳು.

ಪಾಪ, ಭಾಲ್ಕಿಯವರಿಗಿ ತಾವೂ ಫಸ್ಟ್ ಬಂದದ್ದು ಇನ್ನೂ ಗೊತ್ತಿಲ್ಲ.