ಮೂರನೇ ಹಂತದ ಹುರುಳಿಕಾಳು

ಬೋರ್ಡಿನ ಮೂಲೆಯಲ್ಲಿ ‘ಶನಿವಾರದ ಕಾರ್ಯಕ್ರಮ’ ಎಂದು ಬರೆದು ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ, ಊರಿನ ಯಾವುದೋ ಮನೆಯಿಂದ ಒಂದು ಎಡವಟ್ಟು ಚಪ್ಪಲಿ ಮೆಟ್ಟಿಕೊಂಡು ನಮ್ಮ ಶಾಲೆಯ ಕಡೆ ಹೊರಟಿರುತ್ತದೆ. ಚನ್ನರಾಯನದುರ್ಗದ ಬೆಟ್ಟದ ಮಗ್ಗುಲಿನ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತಾ ಮಾಡುತ್ತಾ ನನಗೆ ಇದು ರೂಢಿಯಾಗಿಬಿಟ್ಟಿದೆ. ಈ ಸಲದ್ದು ವಿಜ್ಞಾನ ಪ್ರದರ್ಶನ. ಕೊರಟಗೆರೆಯಿಂದ ಶಿಕ್ಷಣ ಇಲಾಖೆಯ ಸಾಹೇಬರು ನೋಡಿ ಬಹುಮಾನ ಕೊಡಲು ಬರುವವರಿದ್ದರು. ನಮ್ಮ ತರಗತಿಯ ಪಾಲಿಗೆ ಬಂದದ್ದು ‘ಬೀಜ ಮೊಳೆಯುವ ಬಗೆ’.

ಗ್ರೂಪಿನಲ್ಲಿ

ಸೋಮವಾರ ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದೆ: ‘ಪ್ರತಿ ಮಗುವೂ ಒಂದು ಹಿಡಿ ಹುರುಳಿಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಶನಿವಾರ ಮೊಳಕೆ ತರಬೇಕು.’ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಕೊನೆಗೆ ಒಬ್ಬರ ಧ್ವನಿಸಂದೇಶ:

“ಮೇಡಂ, ನನ್ ಮಗ ನಿಮ್ ಸ್ಕೂಲ್ ಬುಟ್ಟು ಐಸ್ಕೂಲ್ ಸೇರವ್ನೆ. ಅವ್ನೂ ನೆನೆ ಆಕ್ಬೇಕಾ?”

ಬೇಡ ಸ್ವಾಮಿ, ನೀವು ಗ್ರೂಪು ಬಿಡಬಹುದು ಎಂದೆ.

“ಬ್ಯಾಡ ಬುಡಿ ಮೇಡಂ, ಇರ್ತೀನಿ. ದಿನಾ ಯಾರಾದ್ರೂ ಗುಡ್ ಮಾರ್ನಿಂಗ್ ಕಳಿಸ್ತಾರೆ.”

ಮುಂಗಡ ಹೋಮ್‌ವರ್ಕ್

ಕಾಳು ದಿನಕ್ಕೆಷ್ಟು ಬದಲಾಯಿತು ಎಂದು ದಿನಾ ಒಂದು ಚಿತ್ರ ಬರೆಯುವುದು ಹೋಮ್‌ವರ್ಕ್. ಮುಂದಿನ ಬೆಂಚಿನ ಹುಡುಗ ಮಂಗಳವಾರವೇ ಶನಿವಾರದವರೆಗಿನ ಚಿತ್ರಗಳನ್ನೆಲ್ಲ ಬರೆದು ತಂದಿದ್ದ. ಶನಿವಾರದ ಚಿತ್ರದಲ್ಲಂತೂ ಮೊಳಕೆಯ ಪಕ್ಕ ಹಾರ ಹಾಕಿಸಿಕೊಂಡ ಸಾಹೇಬರೂ ನಿಂತಿದ್ದರು.

“ಇನ್ನೂ ಮೊಳಕೆಯೇ ಬಂದಿಲ್ಲವಲ್ಲೋ?”

“‘ಅದು ಬಂದೇ ಬತ್ತೈತೆ ಕಣ್ಲಾ, ಈಗ್ಲೇ ಬರ್ದು ಮನಿಕ್ಕಾ’ ಅಂದ್ರು ನಮ್ಮಪ್ಪ ಮಿಸ್.”

ಅವರಪ್ಪನ ವಿಶ್ವಾಸದಲ್ಲಿ ಕಾಲುಭಾಗ ನನಗಿದ್ದಿದ್ದರೆ ಆ ವಾರ ನಾನೂ ನೆಮ್ಮದಿಯಾಗಿ ಮಲಗುತ್ತಿದ್ದೆ.

ಎಮ್ಮೆಯ ಅಭಿಪ್ರಾಯ

ಸಾಹೇಬರ ಮುಂದೆ ವಿವರಿಸುವವರು ಯಾರು ಎಂದು ಕೇಳಿದಾಗ, ಕಿಟಕಿ ಪಕ್ಕದ ಹುಡುಗಿ ಕೈಯೆತ್ತಿದಳು. ನನಗೆ ನಂಬಿಕೆಯೇ ಬರಲಿಲ್ಲ. ಹಾಜರಿಗೆ ‘ಎಸ್ ಮಿಸ್’ ಅನ್ನುವುದನ್ನೂ ತುಟಿ ಅಲುಗಾಡಿದ್ದು ನೋಡಿಯೇ ತಿಳಿದುಕೊಳ್ಳಬೇಕಾದ ಹುಡುಗಿ ಅವಳು. ಹೇಳಬೇಕಾದ್ದು ಮೂರೇ ಮಾತು: ಮೊದಲನೇ ಹಂತ ಒಣ ಕಾಳು, ಎರಡನೇ ಹಂತ ನೆಂದ ಕಾಳು, ಮೂರನೇ ಹಂತ ಮೊಳಕೆ. ಅಭ್ಯಾಸದಲ್ಲಿ ಅದನ್ನೂ ಗೋಡೆಗೆ ಮುಖಮಾಡಿ ಪಿಸುಗುಟ್ಟಿದಳು.

“ಮನೇಲಿ ಯಾರ ಮುಂದಾದರೂ ಹೇಳಿ ನೋಡಿದೆಯಾ?”

“ಎಮ್ಮೆ ಮುಂದೆ ಯೋಳ್ದೆ ಮಿಸ್.”

“ಹೆಂಗಿತ್ತಂತೆ?”

“ಮೂರ್ನೇ ಅಂತ ಬರೋತ್ಗೆ ಎದ್ದೋಯ್ತು ಮಿಸ್.”

ಗುರುವಾರದ ಫೋಟೊ

ಗುರುವಾರ ಗ್ರೂಪಿಗೆ ಒಬ್ಬ ತಾಯಿ ಫೋಟೊ ಹಾಕಿದರು. ತಟ್ಟೆಯಲ್ಲಿ ರಾಗಿಮುದ್ದೆ, ಸುತ್ತ ಮೊಳಕೆ ಹುರುಳಿಕಾಳಿನ ಸಾರು. ಕೆಳಗೆ, ‘ಮೊಳಕೆ ಚೆನ್ನಾಗಿ ಬಂದಿತ್ತು ಮೇಡಂ, ಥ್ಯಾಂಕ್ಸ್.’ ಮರುದಿನ ತರಗತಿಯಲ್ಲಿ ಯಾರ ಮೊಳಕೆ ಉಳಿದಿದೆ ಎಂದು ಕೇಳಿದರೆ ಒಬ್ಬಳ ಹೊರತು ಎಲ್ಲರೂ ತಲೆ ತಗ್ಗಿಸಿದರು. ನಮ್ಮ ಕಡೆ ಮೊಳಕೆ ಬಂದ ಹುರುಳಿಕಾಳನ್ನು ಸುಮ್ಮನೆ ನೋಡುತ್ತಾ ಕೂರುವ ಪದ್ಧತಿ ಇಲ್ಲವೆಂಬುದನ್ನು ನಾನೇ ಮರೆತಿದ್ದೆ. ಕಡಲೆಬೀಜ ಎಂದಿದ್ದರಾಗುತ್ತಿತ್ತು ಎಂದು ಹಿಂದಿನ ಬೆಂಚಿನಿಂದ ಒಬ್ಬ ಸಲಹೆ ಕೊಟ್ಟ. “ಅದಾದ್ರೆ ನೆನೆ ಆಕಕ್ಕೆ ಮುಂಚೇನೇ ಖಾಲಿ ಆಗ್ತಿತ್ತು ಕಣ್ಲಾ” ಎಂದ ಪಕ್ಕದವನು.

ಉಳಿದದ್ದು ಒಂದೇ ಗಂಟು. ಕಿಟಕಿ ಪಕ್ಕದ ಹುಡುಗಿ ಅದನ್ನು ರಾಗಿಮೂಟೆಯ ಹಿಂದೆ ಬಚ್ಚಿಟ್ಟಿದ್ದಳು. “ನಾಳೆ ತತ್ತೀನಿ ಮಿಸ್” ಎಂದಳು. ಈ ಸಲ ಗೋಡೆಗಲ್ಲ, ನನ್ನನ್ನೇ ನೋಡಿ.

ಶನಿವಾರ

ಶನಿವಾರ ಬೆಳಗ್ಗೆ ಅವಳು ಅಳುತ್ತಾ ಬಂದಳು. ಹಿಂದೆ ಅವರಜ್ಜಿ, ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ.

“ಮೂಟೆ ಇಂದ್ಗಡೆ ಇಟ್ಟು ಮರ್ತೋಗಿತ್ತು ಕಣಮ್ಮ ಕೂಸು. ಇನ್ನೊಂದಿನ ಬುಟ್ಟಿದ್ರೆ ಉಳ್ಳಿಕಾಳು ಕೆಟ್ಟೋಗದು. ರಾತ್ರಿ ಸಾರು ಮಾಡ್ಬುಟ್ಟೆ. ನಿಮ್ಗೂ ತಂದಿವ್ನಿ.”

ಏನಾದರೂ ಅನ್ನೋಣವೆಂದರೆ ಗೇಟಿನಲ್ಲಿ ಜೀಪು ನಿಂತಿತು. “ನೀನು ಹೇಳದಿದ್ದರೂ ಪರವಾಗಿಲ್ಲ ಮಗಾ” ಎಂದೆ. ಹುಡುಗಿ ಲಂಗದ ತುದಿಯಲ್ಲಿ ಮುಖ ಒರೆಸಿಕೊಂಡು, ಅಜ್ಜಿಯ ಕೈಯಿಂದ ಡಬ್ಬಿ ಕಿತ್ತುಕೊಂಡು, ಹೋಗಿ ಮೇಜಿನ ಹಿಂದೆ ನಿಂತೇಬಿಟ್ಟಳು.

“ಮೊದಲನೇ ಹಂತ, ಒಣ ಕಾಳು” ಎಂದಳು. ನಾನು ಮೊದಲೇ ಜೋಡಿಸಿಟ್ಟಿದ್ದ ಬಟ್ಟಲುಗಳಲ್ಲಿ ಒಂದನ್ನು ತೋರಿಸಿದಳು. “ಎರಡನೇ ಹಂತ, ನೆಂದ ಕಾಳು.” ಇನ್ನೊಂದು ಬಟ್ಟಲು.

ಆಮೇಲೆ ನಿಂತುಬಿಟ್ಟಳು. ಎಮ್ಮೆ ಎದ್ದುಹೋದ ಜಾಗ ಅದೇ. ಸಾಹೇಬರು ಏಳಲಿಲ್ಲ. ಬಗ್ಗಿ, “ಮೂರನೇ ಹಂತ ಏನಮ್ಮ?” ಎಂದರು.

ಹುಡುಗಿ ಡಬ್ಬಿಯ ಮುಚ್ಚಳ ತೆಗೆದಳು. ಬೆಳ್ಳುಳ್ಳಿ ಒಗ್ಗರಣೆಯ ಘಮ ಕೋಣೆಯೆಲ್ಲ ತುಂಬಿತು. ಆ ತನಕ ಗೋಡೆಗೂ ಕೇಳದಿದ್ದ ದನಿಯನ್ನು ಎತ್ತಿ, ಬಸ್‌ ಸ್ಟಾಪಿನವರೆಗೆ ಕೇಳುವ ಹಾಗೆ, ಅಂದಳು:

“ಮೂರನೇ ಹಂತ, ನಮ್ಮಜ್ಜಿ ಸಾರ್!”

ಸಾಹೇಬರು ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು. ಇಡೀ ಶಾಲೆ ತಟ್ಟಿತು. ಹಿಂದೆ ಬಾಗಿಲ ಹತ್ತಿರ ನಿಂತಿದ್ದ ಅಜ್ಜಿ, ತನ್ನನ್ನೇ ಕರೆದರೆಂದುಕೊಂಡು, ಸೆರಗು ಸರಿಮಾಡಿಕೊಂಡು ಬಹುಮಾನ ಇಸ್ಕೊಳ್ಳಲು ಮುಂದಕ್ಕೆ ಹೊರಟೇಬಿಟ್ಟರು.